ದೊಡ್ಡ ಜನ ಸೋತದ್ದು ಯಾಕೆ? ದೇಹದಾರ್ಢ್ಯ ಸ್ಪರ್ಧೆ ನೋಡುವವರಿಗೊಂದು ಪರಿಚಯ

ಉಡುಪಿಯಲ್ಲಿ ನಡೆದ ಒಂದು ದೇಹದಾರ್ಢ್ಯ ಸ್ಪರ್ಧೆಗೆ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಅವಳ ಮಗ ಮೊದಲ ಸಲ ವೇದಿಕೆ ಹತ್ತುವವನಿದ್ದ, 65 ಕೆ.ಜಿ. ವಿಭಾಗದಲ್ಲಿ. ಅವನಿಗೆ ನಾಲ್ಕನೇ ಸ್ಥಾನ ಬಂತು. ಅಕ್ಕನಿಗೆ ಅದರ ಬಗ್ಗೆ ಬೇಸರ ಇರಲಿಲ್ಲ. ಬೇಸರ ಆದದ್ದು ಕೊನೆಯ ಸುತ್ತಿನಲ್ಲಿ. ಎಲ್ಲ ವಿಭಾಗಗಳ ವಿಜೇತರು ಒಟ್ಟಿಗೆ ನಿಂತಿದ್ದರು. ಅವರಲ್ಲಿ ಒಬ್ಬ ಬಾಗಿಲಿನಷ್ಟು ಅಗಲದ ಆಸಾಮಿ, ತೋಳು ಒಂದೊಂದೂ ನನ್ನ ತೊಡೆಯಷ್ಟು. ಪ್ರಶಸ್ತಿ ಹೋದದ್ದು ಮಾತ್ರ ಅವನ ಭುಜದವರೆಗೆ ಬರುವ 70 ಕೆ.ಜಿ.ಯ ಹುಡುಗನಿಗೆ.

"ಎಂಥ ಮಾರಾಯ ಇದು? ಅಷ್ಟು ದೊಡ್ಡ ಜನ ಉಂಟು, ಗೆದ್ದದ್ದು ಈ ಸಣ್ಣವನಾ? ಏನೋ ಮೋಸ ಉಂಟು ಇದರಲ್ಲಿ" ಅಂದಳು ಅಕ್ಕ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರೂ ತಿರುಗಿ ತಲೆ ಅಲ್ಲಾಡಿಸಿದರು.

ಮೋಸ ಇರಲಿಲ್ಲ. ಆ ತೀರ್ಪು ಸರಿಯಾಗಿಯೇ ಇತ್ತು. ಆದರೆ ಮೈಕಿನ ಗದ್ದಲದಲ್ಲಿ ಅವಳಿಗೆ ಬಿಡಿಸಿ ಹೇಳಲು ಆಗಲಿಲ್ಲ. ಮಂಗಳೂರು, ಉಡುಪಿ ಕಡೆ ಇಂಥ ಸ್ಪರ್ಧೆ ನೋಡಲು ಮನೆಮಂದಿಯೆಲ್ಲ ಬರುತ್ತಾರೆ, ಕೂಗಿ ಹುರಿದುಂಬಿಸುತ್ತಾರೆ. ವೇದಿಕೆಯ ಮೇಲೆ ಏನು ನಡೆಯುತ್ತಿದೆ ಅಂತ ಮಾತ್ರ ಅವರಿಗೆ ಯಾರೂ ಹೇಳುವುದಿಲ್ಲ. ತಿಂಗಳುಗಟ್ಟಲೆ ಬಾಯಿ ಕಟ್ಟಿ ಬಂದ ಹುಡುಗರ ಕಷ್ಟ ನೋಡುವವರಿಗೆ ಅರ್ಥವಾಗದೆ ಹೋಗಬಾರದು ಅಂತ ನನ್ನ ಆಸೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಜಿಮ್ಮಿಗೆ ಹೋಗುವವರೆಲ್ಲ ಒಂದೇ ಆಟ ಆಡುವವರಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಗೆದ್ದರು. ಅವರದು ವೇಟ್‌ಲಿಫ್ಟಿಂಗ್. ಅಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆಯ ಎತ್ತುವಿಕೆ. ಭಾರವನ್ನು ತಲೆಯ ಮೇಲೆ ಎತ್ತಿ ನಿಲ್ಲಿಸಬೇಕು. ಗೋಲ್ಡ್ ಕೋಸ್ಟ್‌ನಲ್ಲಿ 56 ಕೆ.ಜಿ. ವಿಭಾಗದಲ್ಲಿ ಅವರು ಎತ್ತಿದ್ದು ಎರಡೂ ಸೇರಿ 249 ಕೆ.ಜಿ. ಪವರ್‌ಲಿಫ್ಟಿಂಗ್ ಬೇರೆ. ಅದರಲ್ಲಿ ಭಾರ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಅಂತ ಮೂರು. ಈ ಎರಡೂ ಆಟಗಳಲ್ಲಿ ಲೆಕ್ಕ ಸುಲಭ. ಜಾಸ್ತಿ ಎತ್ತಿದವನು ಗೆದ್ದ.

ಬಾಡಿಬಿಲ್ಡಿಂಗ್ ವೇದಿಕೆಯಲ್ಲಿ ಕಬ್ಬಿಣವೇ ಇರುವುದಿಲ್ಲ. ನೀವು ಜಿಮ್ಮಿನಲ್ಲಿ ಎಷ್ಟು ಎತ್ತುತ್ತೀರಿ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ತೀರ್ಪುಗಾರರು ನೋಡುವುದು ಮೈಯನ್ನು ಮಾತ್ರ, ಅದೂ ಪಕ್ಕದಲ್ಲಿ ನಿಂತವನ ಮೈಗೆ ಹೋಲಿಸಿ. ಈ ಹೋಲಿಕೆಯೇ ಇಡೀ ಆಟದ ಜೀವಾಳ.

ಇದು ಹೊಸ ಆಟವೇನಲ್ಲ. ಯೂಜೆನ್ ಸ್ಯಾಂಡೋ ಎಂಬಾತ 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇಂಥ ದೊಡ್ಡ ಸ್ಪರ್ಧೆ ಏರ್ಪಡಿಸಿದ್ದ. ತೀರ್ಪುಗಾರರಲ್ಲಿ ಒಬ್ಬರು ಪತ್ತೇದಾರಿ ಕತೆಗಳ ಆರ್ಥರ್ ಕಾನನ್ ಡಾಯ್ಲ್. ಆಗಲೂ ಬರೀ ಗಾತ್ರ ನೋಡಿ ಬಹುಮಾನ ಕೊಡಲಿಲ್ಲ, ಮೈಯ ಸಮತೋಲನವನ್ನೂ ನೋಡಿದರು. ನಮ್ಮ ದೇಶದ ಮನೋಹರ್ ಐಚ್ 1952ರಲ್ಲಿ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯ ಗಿಡ್ಡರ ವಿಭಾಗದಲ್ಲಿ ಗೆದ್ದಾಗ ಅವರ ಎತ್ತರ 5 ಅಡಿಯೂ ಇರಲಿಲ್ಲ. ಪ್ರೇಮ್‌ಚಂದ್ ಡೇಗ್ರಾ 1988ರಲ್ಲಿ ಮಿಡ್ಲ್‌ವೇಟ್‌ನಲ್ಲಿ ಮಿಸ್ಟರ್ ಯೂನಿವರ್ಸ್ ಆದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅವರನ್ನು ಕನ್ನಡಿಗರು ಲೇಖಕರಾಗಿಯೂ ಬಲ್ಲರು. ಅಂಗಸಾಧನೆ ಓದು ಬರಹದವರಿಗಲ್ಲ ಅನ್ನುವವರಿಗೆ ನಾನು ಯಾವಾಗಲೂ ಅವರ ಹೆಸರು ಹೇಳುತ್ತೇನೆ.

ಸರಿ, ತೀರ್ಪುಗಾರರ ಕಣ್ಣು ಏನನ್ನು ಹುಡುಕುತ್ತದೆ? ಜಿಮ್ಮಿನ ಹುಡುಗರ ಬಾಯಲ್ಲಿ ದಿನಾ ಓಡಾಡುವ ನಾಲ್ಕಾರು ಪದ ಗೊತ್ತಾದರೆ ಸಾಕು, ಅರ್ಧ ಆಟ ತಿಳಿದ ಹಾಗೆ.

ಸೈಜ್ ಅಂದರೆ ಮಾಂಸಖಂಡದ ಗಾತ್ರ. ಇದು ಎಲ್ಲರಿಗೂ ಕಾಣುತ್ತದೆ. ಅಕ್ಕನಿಗೂ ಕಂಡದ್ದು ಇದೇ. ಆದರೆ ಇದು ಮೊದಲ ಮೆಟ್ಟಿಲು ಅಷ್ಟೆ.

ಸಿಮೆಟ್ರಿ ಅಂದರೆ ಎಡ ಬಲ ಸರಿಸಮ ಇರುವುದು. ಪ್ರಪೋರ್ಷನ್ ಅಂದರೆ ಒಂದು ಅಂಗಕ್ಕೂ ಇನ್ನೊಂದಕ್ಕೂ ಇರುವ ಹೊಂದಿಕೆ. ಮಲ್ಪೆಯಲ್ಲಿ ದೋಣಿ ಸ್ವಲ್ಪ ಒಂದು ಬದಿಗೆ ವಾಲಿದರೂ ಮೀನುಗಾರರಿಗೆ ದೂರದಿಂದಲೇ ಗೊತ್ತಾಗುತ್ತದೆ ಅಲ್ವಾ? ಪಳಗಿದ ತೀರ್ಪುಗಾರರ ಕಣ್ಣೂ ಹಾಗೆಯೇ. ಎದೆ, ತೋಳು ದೊಡ್ಡದಾಗಿ ಕಾಲು ಸಪೂರ ಉಳಿದರೆ ಅಂಕ ಹೋಯಿತು. ನಮ್ಮ ಕಡೆಯ ಎಷ್ಟೋ ಹುಡುಗರು ಸೋಲುವುದು ಇಲ್ಲೇ. ಕನ್ನಡಿಯಲ್ಲಿ ಕಾಣುವುದು ಎದೆ, ತೋಳು. ಬೆನ್ನು, ತೊಡೆಯ ಹಿಂಭಾಗ, ಮೀನಖಂಡ ಕಾಣುವುದಿಲ್ಲ. ಕಾಣದ್ದನ್ನು ಬೆಳೆಸಲು ಮನಸ್ಸು ಬರುವುದಿಲ್ಲ.

ಅಗಲ ಭುಜ, ಸಣ್ಣ ಸೊಂಟ ಇದ್ದರೆ ಮೈ ಮೇಲಿನಿಂದ ಕೆಳಗೆ ಕಿರಿದಾಗುತ್ತ ಬಂದಂತೆ ಕಾಣುತ್ತದೆ. ಅದಕ್ಕೆ ವಿ ಶೇಪ್ ಅನ್ನುತ್ತಾರೆ. ಬೆನ್ನಿನ ಎರಡೂ ಬದಿಯ ಸ್ನಾಯುಗಳಿಗೆ ಜಿಮ್ಮಿನಲ್ಲಿ ವಿಂಗ್ಸ್ ಅಂತ ಹೆಸರು. ಅವು ಹರಡಿದಷ್ಟೂ ಸೊಂಟ ಸಣ್ಣದಾಗಿ ಕಾಣುತ್ತದೆ.

ಇನ್ನು ಕಟ್ಸ್. ಇದು ನಿಜವಾಗಿ ಎರಡು ಮೂರು ವಿಷಯ ಸೇರಿದ ಪದ. ಒಂದು ಸ್ನಾಯು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಗೆರೆ ಕಾಣಬೇಕು, ಸುಲಿದ ಕಿತ್ತಳೆಯ ತೊಳೆಗಳ ನಡುವೆ ಕಾಣುತ್ತದಲ್ಲ, ಹಾಗೆ. ಇದು ಸಪರೇಷನ್. ಒಂದೇ ಸ್ನಾಯುವಿನ ಒಳಗೆ ಎಳೆ ಎಳೆಯಾಗಿ ಗೆರೆ ಕಾಣುವುದು ಸ್ಟ್ರೈಯೇಷನ್. ಸಿಪ್ಪೆ ಸುಲಿದ ತೆಂಗಿನಕಾಯಿಯ ಮೇಲೆ ಉಳಿದ ನಾರು ನೆನಪಿಸಿಕೊಳ್ಳಿ. ಎದೆಯ ಮೇಲೋ ಭುಜದ ಮೇಲೋ ಅಂಥ ಎಳೆಗಳು ಕಂಡರೆ ಚರ್ಮದ ಕೆಳಗೆ ಕೊಬ್ಬು ತೀರಾ ಕಡಿಮೆ ಇದೆ ಅಂತ ಅರ್ಥ. ಇವೆಲ್ಲ ಸೇರಿ ಆ ದಿನ ಮೈ ಎಷ್ಟು ತಯಾರಾಗಿದೆ ಅನ್ನುವುದಕ್ಕೆ ಕಂಡೀಷನ್ ಅನ್ನುತ್ತಾರೆ. ನರ ಉಬ್ಬಿ ಕಾಣುವುದಕ್ಕೆ ಜನ ತುಂಬಾ ಚಪ್ಪಾಳೆ ತಟ್ಟುತ್ತಾರೆ, ತೀರ್ಪುಗಾರರು ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ.

ಈಗ ಆ ದೊಡ್ಡ ಆಸಾಮಿಯ ವಿಷಯ. ಅವನ ಗಾತ್ರಕ್ಕೆ ಸಾಟಿ ಇರಲಿಲ್ಲ. ಆದರೆ ಹೊಟ್ಟೆಯ ಕೆಳಭಾಗದಲ್ಲಿ, ಸೊಂಟದ ಹಿಂದೆ ಕೊಬ್ಬಿನ ತೆಳು ಪದರ ಉಳಿದಿತ್ತು. ತಿರುಗಿ ನಿಂತಾಗ ಬೆನ್ನು ಸಪಾಟಾಗಿ ಕಂಡಿತು. 70 ಕೆ.ಜಿ.ಯ ಹುಡುಗ ತಿರುಗಿದಾಗ ಬೆನ್ನಿನಿಂದ ಕಾಲಿನ ಮೀನಖಂಡದವರೆಗೆ ಒಂದೊಂದು ಸ್ನಾಯುವನ್ನೂ ಬೆರಳಿಟ್ಟು ತೋರಿಸಬಹುದಿತ್ತು. ಸಭೆಯಲ್ಲಿ ಕೂತವರಿಗೆ ಮುಂದಿನಿಂದ ಕಂಡ ಅಗಲ ನೆನಪಿನಲ್ಲಿ ಉಳಿಯಿತು. ತೀರ್ಪುಗಾರರು ಬೆನ್ನನ್ನೂ ಲೆಕ್ಕಕ್ಕೆ ಹಿಡಿದರು.

ಸ್ಪರ್ಧೆ ಶುರುವಾಗುವುದು ತೂಕದಿಂದ. 55, 60, 65, 70 ಹೀಗೆ 5 ಕೆ.ಜಿ. ಅಂತರದಲ್ಲಿ ವಿಭಾಗ ಇಡುವುದು ಇಲ್ಲಿ ರೂಢಿ. 65 ಕೆ.ಜಿ. ವಿಭಾಗ ಅಂದರೆ 60 ದಾಟಿರಬೇಕು, 65 ಮೀರಬಾರದು. ತೂಕ 65.3 ಬಂದರೆ? ಮೈದಾನ ಸುತ್ತಿ ಬೆವರು ಇಳಿಸುವ ಹುಡುಗರನ್ನು ನಾನು ನೋಡಿದ್ದೇನೆ. ರೈನ್‌ಕೋಟು ಹಾಕಿಕೊಂಡು ಓಡಿದವನನ್ನೂ ನೋಡಿದ್ದೇನೆ, ಅದೂ ನಮ್ಮ ಕರಾವಳಿಯ ಸೆಕೆಯಲ್ಲಿ. ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಸಂದರ್ಭದಲ್ಲಿ ಮೇಲಿನ ವಿಭಾಗದಲ್ಲಿ ನಿಲ್ಲುವುದೇ ಒಳ್ಳೆಯದು.

ಪುರುಷರ ಬಾಡಿಬಿಲ್ಡಿಂಗ್ ಅಲ್ಲದೆ ಬೇರೆ ವಿಭಾಗಗಳೂ ಇವೆ. ಮೆನ್ಸ್ ಫಿಸಿಕ್‌ನಲ್ಲಿ ಹುಡುಗರು ಮೊಣಕಾಲಿನವರೆಗಿನ ಚಡ್ಡಿ ಹಾಕುತ್ತಾರೆ, ತೊಡೆಗೆ ಅಂಕ ಇಲ್ಲ. ಕ್ಲಾಸಿಕ್ ಫಿಸಿಕ್‌ನಲ್ಲಿ ಎತ್ತರಕ್ಕೆ ತಕ್ಕಂತೆ ತೂಕದ ಮಿತಿ ಇರುತ್ತದೆ. ಸಣ್ಣ ಸೊಂಟದ ಹಳೆಯ ಕಾಲದ ಅಂದಕ್ಕೆ ಅಲ್ಲಿ ಮರ್ಯಾದೆ. ಹೆಂಗಸರಿಗೂ ಪ್ರತ್ಯೇಕ ವಿಭಾಗಗಳು ಉಂಟು, ವಯಸ್ಸಾದವರಿಗೆ ಮಾಸ್ಟರ್ಸ್ ಉಂಟು.

ವೇದಿಕೆಗೆ ಬಂದ ಕೂಡಲೇ ಸಾಲಾಗಿ ನಿಂತು ಕಾಲು ಕಾಲು ಸುತ್ತು ತಿರುಗುತ್ತಾರೆ. ಮೈಕಿನಲ್ಲಿ "ಕ್ವಾರ್ಟರ್ ಟರ್ನ್ ರೈಟ್" ಅಂತ ಕೇಳುತ್ತದೆ. ಮುಂದೆ, ಒಂದು ಬದಿ, ಹಿಂದೆ, ಇನ್ನೊಂದು ಬದಿ. ಆಗ ಅವರು ಸುಮ್ನೆ ನಿಂತ ಹಾಗೆ ಕಾಣುತ್ತದೆ. ನಿಜವಾಗಿ ಪಾದದಿಂದ ಕುತ್ತಿಗೆಯವರೆಗೆ ಎಲ್ಲ ಸ್ನಾಯು ಬಿಗಿ ಹಿಡಿದಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ತೊಡೆ ನಡುಗುವುದು ಕಾಣುತ್ತದೆ.

ಆಮೇಲೆ ಕಡ್ಡಾಯ ಭಂಗಿಗಳು. ಅಂತರರಾಷ್ಟ್ರೀಯ ಹವ್ಯಾಸಿ ಸ್ಪರ್ಧೆಗಳಲ್ಲಿ ಇವು ಏಳು. ಎರಡೂ ತೋಳು ಎತ್ತಿ ಮಡಚುವ ಫ್ರಂಟ್ ಡಬಲ್ ಬೈಸೆಪ್ಸ್ ಎಲ್ಲರಿಗೂ ಗೊತ್ತು. ಹೆಸರು ಕೇಳಿ ತೋಳನ್ನು ಮಾತ್ರ ನೋಡಬೇಡಿ. ತೀರ್ಪುಗಾರರು ತೋಳಿನಿಂದ ಶುರು ಮಾಡಿ ವಿಂಗ್ಸ್, ಹೊಟ್ಟೆ, ತೊಡೆ, ಮೀನಖಂಡದವರೆಗೆ ಇಳಿಯುತ್ತಾರೆ. ಲ್ಯಾಟ್ ಸ್ಪ್ರೆಡ್‌ನಲ್ಲಿ ಸೊಂಟಕ್ಕೆ ಕೈಯಿಟ್ಟು ವಿಂಗ್ಸ್ ಹರಡುತ್ತಾರೆ. ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ. ಎದೆ ತೋರಿಸುವ ಸೈಡ್ ಚೆಸ್ಟ್, ತೋಳಿನ ಹಿಂಭಾಗ ತೋರಿಸುವ ಸೈಡ್ ಟ್ರೈಸೆಪ್ಸ್ ಎರಡೂ ಬದಿಯಿಂದ. ಅಬ್ಡಾಮಿನಲ್ ಅಂಡ್ ಥೈ ಭಂಗಿಯಲ್ಲಿ ಎರಡೂ ಕೈ ತಲೆಯ ಹಿಂದೆ ಹೋಗುತ್ತವೆ, ಒಂದು ಕಾಲು ಮುಂದೆ ಬರುತ್ತದೆ, ಉಸಿರು ಹೊರಹಾಕಿ ಹೊಟ್ಟೆ ಹಿಂಡುತ್ತಾರೆ.

ಇನ್ನುಳಿದದ್ದು ಬ್ಯಾಕ್ ಡಬಲ್ ಬೈಸೆಪ್ಸ್. ನನ್ನ ಮಟ್ಟಿಗೆ ಇದೇ ನಿಜವಾದ ಪರೀಕ್ಷೆ. ಬೆನ್ನು ತೋರಿಸಿ ನಿಂತು, ಒಂದು ಕಾಲನ್ನು ಹಿಂದಿಟ್ಟು, ಬೆರಳ ತುದಿಯ ಮೇಲೆ ಊರಿ, ಎರಡೂ ತೋಳು ಎತ್ತಬೇಕು. ತೋಳು, ಭುಜ, ಬೆನ್ನಿನ ಮೇಲು ಕೆಳಗು, ತೊಡೆಯ ಹಿಂಭಾಗ, ಮೀನಖಂಡ ಎಲ್ಲ ಒಟ್ಟಿಗೆ ಬಯಲಿಗೆ ಬರುತ್ತವೆ. ಹಿಂದಿನ ಕಾಲನ್ನು ಬಿಗಿ ಹಿಡಿಯಲು ಮರೆಯುವುದು ಹೊಸಬರ ಸಾಮಾನ್ಯ ತಪ್ಪು. ಅಕ್ಕನ ಮಗನೂ ಮರೆತ. ಮುಂದಿನ ಸಲ ನೀವು ಹೋದಾಗ ಈ ಒಂದು ಭಂಗಿಯನ್ನು ಕಣ್ಣಿಟ್ಟು ನೋಡಿ. ಗೆಲ್ಲುವವರು ಯಾರು ಅಂತ ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ.

ಮುಖ್ಯ ತೀರ್ಪುಗಾರರು ಆಗಾಗ ಕೆಲವು ನಂಬರ್ ಕರೆದು ನಡುವೆ ನಿಲ್ಲಿಸುತ್ತಾರೆ. ಚಡ್ಡಿಗೆ ಸಿಕ್ಕಿಸಿದ ಬಿಲ್ಲೆಯ ನಂಬರ್ ಅದು. ಇದು ಕಾಲ್ ಔಟ್. ಅಕ್ಕಪಕ್ಕ ನಿಲ್ಲಿಸಿ ಹೋಲಿಸಲು ಹೀಗೆ ಮಾಡುತ್ತಾರೆ. ಸಾಮಾನ್ಯವಾಗಿ ಮೊದಲ ಕರೆಯಲ್ಲಿ ಬಂದವರೇ ಮೇಲಿನ ಸ್ಥಾನಗಳಿಗೆ ಸೆಣಸುವವರು. ಇಬ್ಬರ ಜಾಗ ಅದಲು ಬದಲು ಮಾಡಿಸಿದರೆ ಅವರಿಬ್ಬರ ನಡುವೆ ಪೈಪೋಟಿ ಬಿಗಿಯಾಗಿದೆ ಅಂತ ತಿಳಿಯಿರಿ.

ಅಂಕದ ಲೆಕ್ಕ ಹಲವರಿಗೆ ತಲೆಕೆಳಗಾಗಿ ಕಾಣುತ್ತದೆ. ಇಲ್ಲಿ ಕಡಿಮೆ ಅಂಕ ಬಂದವನೇ ಗೆಲ್ಲುವುದು. ಪ್ರತಿ ತೀರ್ಪುಗಾರರೂ ಒಂದು, ಎರಡು, ಮೂರು ಅಂತ ಸ್ಥಾನ ಬರೆಯುತ್ತಾರೆ. ಆ ಸ್ಥಾನವೇ ಅಂಕ. ಏಳು ಮಂದಿ ತೀರ್ಪುಗಾರರು ಇದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲ ಹುಡುಗನಿಗೆ ಅವರು ಕೊಟ್ಟ ಸ್ಥಾನ 1, 1, 2, 1, 3, 1, 2. ಎರಡನೆಯವನಿಗೆ 2, 2, 1, 2, 1, 3, 1. ಪ್ರತಿಯೊಬ್ಬನ ಸಾಲಿನಲ್ಲಿ ಅತಿ ಹೆಚ್ಚಿನದು ಒಂದು, ಅತಿ ಕಡಿಮೆಯದು ಒಂದು ಬಿಟ್ಟುಬಿಡುತ್ತಾರೆ. ಮೊದಲನೆಯವನಿಗೆ ಉಳಿದ ಐದರ ಮೊತ್ತ 7. ಎರಡನೆಯವನಿಗೆ 8. ಮೊದಲನೆಯವನು ಗೆದ್ದ. ಅವನನ್ನು ಮೂರನೇ ಸ್ಥಾನಕ್ಕೆ ಹಾಕಿದ ಒಬ್ಬರ ಅಂಕ ಲೆಕ್ಕದಿಂದಲೇ ಹೊರಗೆ ಹೋಯಿತು ನೋಡಿ. ಒಬ್ಬ ತೀರ್ಪುಗಾರರಿಗೆ ಯಾರ ಮೇಲಾದರೂ ಪ್ರೀತಿಯೋ ಸಿಟ್ಟೋ ಇದ್ದರೂ ಫಲಿತಾಂಶ ಸುಲಭಕ್ಕೆ ಬದಲಾಗದಿರಲಿ ಅಂತ ಈ ಏರ್ಪಾಡು. ಅಕ್ಕನ ಅನುಮಾನಕ್ಕೆ ಇದೇ ನನ್ನ ಉತ್ತರ.

ಪ್ರತಿ ವಿಭಾಗದ ಕೊನೆಯ ಸುತ್ತಿಗೆ ಸಾಮಾನ್ಯವಾಗಿ ಆರು ಮಂದಿ ಉಳಿಯುತ್ತಾರೆ. ಒಬ್ಬೊಬ್ಬರಿಗೂ ಒಂದು ನಿಮಿಷದಷ್ಟು ಹೊತ್ತು, ತಮ್ಮದೇ ಹಾಡು, ತಮ್ಮದೇ ಭಂಗಿ. ಯಕ್ಷಗಾನ ನೋಡಿ ಬೆಳೆದ ನಮ್ಮ ಜನಕ್ಕೆ ಈ ಸುತ್ತು ಬಹಳ ಇಷ್ಟ. ತಾಳಕ್ಕೆ ಸರಿಯಾಗಿ ಭಂಗಿ ನಿಲ್ಲಿಸಿದರೆ ಸಭೆಯೇ ಎದ್ದು ನಿಲ್ಲುತ್ತದೆ. ಬೆಸ್ಟ್ ಪೋಸರ್ ಅಂತ ಇದಕ್ಕೇ ಬೇರೆ ಬಹುಮಾನ ಇಡುವುದೂ ಉಂಟು. ಆಮೇಲೆ ಪೋಸ್ ಡೌನ್. ಆರೂ ಜನ ಒಟ್ಟಿಗೆ ಪೈಪೋಟಿಯ ಮೇಲೆ ಭಂಗಿ ತೋರಿಸುತ್ತಾರೆ. ಕೊನೆಗೆ ಎಲ್ಲ ವಿಭಾಗಗಳ ಮೊದಲಿಗರು ಸೇರಿ ಓವರಾಲ್, ಅಂದರೆ ಚಾಂಪಿಯನ್ ಆಫ್ ಚಾಂಪಿಯನ್ಸ್. ಇಲ್ಲಿ ತೂಕದ ಬೇಲಿ ಇಲ್ಲ.

ಮೈಗೆ ಆ ಕಂದು ಬಣ್ಣ ಯಾಕೆ ಅಂತ ಅಕ್ಕ ಹಿಂದಿನ ರಾತ್ರಿಯೇ ಕೇಳಿದ್ದಳು. ಅದಕ್ಕೆ ಟ್ಯಾನ್ ಅನ್ನುತ್ತಾರೆ. ವೇದಿಕೆಯ ದೀಪದ ಎದುರು ಬೆಳ್ಳಗಿನ ಮೈಯಲ್ಲಿ ಗೆರೆಗಳು ಅಳಿಸಿಹೋದಂತೆ ಕಾಣುತ್ತವೆ. ಬಣ್ಣ ಗಾಢವಾದರೆ ನೆರಳು ಬೆಳಕು ಎದ್ದು ಕಂಡು ಕಟ್ಸ್ ತೋರುತ್ತದೆ. ಅವಳ ಮಗ ಕೈ ಅಗಲಿಸಿ ಫ್ಯಾನಿನ ಕೆಳಗೆ ನಿಂತಿದ್ದ. ನಾನು ಸ್ಪಂಜಿನಲ್ಲಿ ಬೆನ್ನಿಗೆ ಬಣ್ಣ ಹಚ್ಚುತ್ತಿದ್ದೆ. ಹುಲಿವೇಷದವರು ಬಣ್ಣ ಒಣಗುವವರೆಗೆ ಕೋಲು ಊರಿ, ಕೈ ಚಾಚಿ ನಿಲ್ಲುತ್ತಾರಲ್ಲ, ಥೇಟ್ ಹಾಗೆ. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಕಂಕುಳಲ್ಲಿ, ಮೊಣಕೈ ಮಡಿಕೆಯಲ್ಲಿ ಬೆವರಿಗೆ ಬಣ್ಣ ಕರಗಿ ಇಳಿಯುತ್ತಿತ್ತು. ಮತ್ತೆ ಒರೆಸಿ ಮತ್ತೆ ಹಚ್ಚಬೇಕಾಯಿತು. ಅಕ್ಕ ಹಳೆಯ ಬೆಡ್‌ಶೀಟ್ ಹಾಸಿ ಮಲಗಿಸಿದಳು. ಒರೆಸಿದರೆ ಕೈಗೆ ಬರುವಂಥ ಬಣ್ಣವನ್ನು ಅಂತರರಾಷ್ಟ್ರೀಯ ನಿಯಮ ಒಪ್ಪುವುದಿಲ್ಲ. ಸರ, ಕಡಗ, ವಾಚು ಕೂಡ ತೆಗೆದಿಡಬೇಕು.

ತಯಾರಿಯ ಮಾತಿಗೆ ಬಂದರೆ ಎರಡು ಕಾಲ. ಬಲ್ಕಿಂಗ್‌ನಲ್ಲಿ ಚೆನ್ನಾಗಿ ತಿಂದು, ಭಾರ ಎತ್ತಿ ಮಾಂಸಖಂಡ ಬೆಳೆಸುತ್ತಾರೆ. ಸ್ಪರ್ಧೆಗೆ ಮೂರು ನಾಲ್ಕು ತಿಂಗಳು ಇರುವಾಗ ಕಟಿಂಗ್ ಶುರು. ಖರ್ಚಾಗುವುದಕ್ಕಿಂತ ಕಡಿಮೆ ಕ್ಯಾಲೊರಿ ತಿಂದು ಕೊಬ್ಬು ಇಳಿಸುತ್ತಾರೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್‌ನಲ್ಲಿ 4. ಅದಕ್ಕೆ ಮೊದಲು ಹೋಗುವುದು ಎಣ್ಣೆ, ತೆಂಗಿನಕಾಯಿ. ನಮ್ಮ ಮನೆಗಳಲ್ಲಿ ಕಾಯಿ ಹಾಕದ ಅಡುಗೆ ಅಂದರೆ ಏನು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ. ಅಕ್ಕ ನಾಲ್ಕು ತಿಂಗಳು ಮಗನಿಗೆ ಬೇರೆಯೇ ಪಾತ್ರೆಯಲ್ಲಿ ಮೀನು ಬೇಯಿಸಿದಳು. ಉಪ್ಪು, ಅರಸಿನ, ಒಂದಿಷ್ಟು ಹುಳಿ ಅಷ್ಟೆ. ಜೊತೆಗೆ ಅಳೆದ ಕುಚಲಕ್ಕಿ ಅನ್ನ.

ಕೊನೆಯ ವಾರಕ್ಕೆ ಪೀಕ್ ವೀಕ್ ಅನ್ನುತ್ತಾರೆ. ಅನಾಹುತಗಳು ಆಗುವುದು ಹೆಚ್ಚಾಗಿ ಈ ವಾರದಲ್ಲೇ. ಚರ್ಮ ತೆಳುವಾಗಿ ಕಾಣಲಿ ಅಂತ ನೀರು ಪೂರ್ತಿ ನಿಲ್ಲಿಸುತ್ತಾರೆ. ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಮಾಂಸಖಂಡದ ಮುಕ್ಕಾಲು ಪಾಲು ನೀರೇ. ಕಾರ್ಬೋಹೈಡ್ರೇಟ್ ಸ್ನಾಯುವಿನೊಳಗೆ ಗ್ಲೈಕೋಜನ್ ಆಗಿ ಕೂರುವಾಗ ಒಂದು ಗ್ರಾಂಗೆ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ನೀರು ನಿಲ್ಲಿಸಿದರೆ ಸ್ನಾಯು ಬಾಡುತ್ತದೆ, ಕಟ್ಸ್ ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಹೃದಯಕ್ಕೆ. ಪೊಟ್ಯಾಸಿಯಂ, ಸೋಡಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪಬಹುದು. ಮೊಹಮ್ಮದ್ ಬೆನಾಜಿಜಾ ಎಂಬ ವೃತ್ತಿಪರ ಸ್ಪರ್ಧಿ 1992ರಲ್ಲಿ ಯುರೋಪಿನಲ್ಲಿ ಸ್ಪರ್ಧೆ ಮುಗಿಸಿದ ಬೆನ್ನಿಗೇ ತೀರಿಕೊಂಡರು. ಮೂತ್ರ ಹೆಚ್ಚಿಸುವ ಔಷಧಗಳ ಅಪಾಯದ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ.

ಸ್ಟೀರಾಯ್ಡ್ ವಿಷಯವನ್ನೂ ಮುಚ್ಚಿಡುವುದು ಸರಿಯಲ್ಲ. ಈ ಆಟದಲ್ಲಿ ಅದರ ಬಳಕೆ ಇದೆ. ಸ್ನಾಯು ಬೇಗ ಬೆಳೆಯುತ್ತದೆ, ನಿಜ. ಜೊತೆಗೆ ರಕ್ತದೊತ್ತಡ ಏರುತ್ತದೆ, ಹೃದಯ, ಪಿತ್ತಜನಕಾಂಗ ಕೆಡಬಹುದು, ದೇಹ ತಾನೇ ತಯಾರಿಸುವ ಹಾರ್ಮೋನು ನಿಂತುಹೋಗಬಹುದು, ಮಕ್ಕಳಾಗಲು ತೊಂದರೆ ಬರಬಹುದು. ಸ್ಟೀರಾಯ್ಡ್, ಮೂತ್ರ ಹೆಚ್ಚಿಸುವ ಮಾತ್ರೆ ಎರಡೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿವೆ. ಹದಿನೆಂಟು ಹತ್ತೊಂಬತ್ತರ ಹುಡುಗನಿಗೆ ಯಾರಾದರೂ "ಒಂದು ಕೋರ್ಸ್ ತಗೋ, ಏನೂ ಆಗುವುದಿಲ್ಲ" ಅಂದರೆ, ಆ ಮಾತು ಕೇಳಬಾರದು. ವೈದ್ಯರನ್ನು ಕೇಳಲಿ.

ಹೊಸಬರಿಗೆ ಇನ್ನೊಂದು ಮಾತು. ಫಲಿತಾಂಶ ಬಂದ ಮೇಲೆ ಬೇಸರದಲ್ಲಿ ಮನೆಗೆ ಓಡಬೇಡಿ. ಸಮಯ ನೋಡಿ, ಗೌರವದಿಂದ ತೀರ್ಪುಗಾರರನ್ನು ಮಾತನಾಡಿಸಿ. "ಸರ್, ನನ್ನಲ್ಲಿ ಏನು ಸಾಲದು?" ಅಂತ ಕೇಳಿದರೆ ಹೆಚ್ಚಿನವರು ಹೇಳುತ್ತಾರೆ. ಅಕ್ಕನ ಮಗ ಕೇಳಿದ. ಅವರು ಎರಡೇ ಮಾತು ಹೇಳಿದರು: "ಮುಂದಿನಿಂದ ಚೆನ್ನಾಗಿದ್ದಿ. ಹಿಂದಿನಿಂದ ಕಾಲೇ ಇಲ್ಲ, ಬಿಗಿ ಹಿಡಿಯಲಿಕ್ಕೂ ಮರೆತಿ."

ಮನೆಗೆ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಅಕ್ಕ ಬಂಗುಡೆ ಪುಳಿಮುಂಚಿ ಬಿಸಿ ಮಾಡಿದಳು, ಗಂಜಿ ಬಡಿಸಿದಳು. ಒಮ್ಮೆಗೇ ಜಾಸ್ತಿ ತಿಂದರೆ ಮೈಯೆಲ್ಲ ನೀರು ತುಂಬಿ ಊದಿಕೊಳ್ಳುತ್ತದೆ ಅಂತ ನಾನು ಹೇಳಿದ್ದೆ. ಅವನು ನಿಧಾನವಾಗಿಯೇ ತಿಂದ. ಕಂದು ಬಣ್ಣ ಕೈಯಿಂದ ಇನ್ನೂ ಹೋಗಿರಲಿಲ್ಲ. ಊಟದ ನಡುವೆ ಎದ್ದು, ಗೋಡೆಗೆ ಕೈಕೊಟ್ಟು, ಒಂದು ಕಾಲನ್ನು ಹಿಂದಿಟ್ಟು ಬೆರಳ ಮೇಲೆ ನಿಂತ.

"ಮಾಮ, ಹಿಂದಿನಿಂದ ಒಂದು ವಿಡಿಯೋ ಮಾಡಿ" ಅಂದ.

"ಮೊದಲು ಗಂಜಿ ಮುಗಿಸು" ಅಂದಳು ಅಕ್ಕ. ಆದರೆ ಅವಳೂ ಬಗ್ಗಿ ಅವನ ಮೀನಖಂಡವನ್ನೇ ನೋಡುತ್ತಿದ್ದಳು.